ಚಾರ್ಜ್ ಎಷ್ಟಿದೆ ಮೇಷ್ಟ್ರೇ?

ಅಷ್ಟೂ ರಾದ್ಧಾಂತಕ್ಕೆ ಮೂಲ ಒಂದು ಹಕ್ಕಿ. ನಿಜವಾದ ಹಕ್ಕಿಯಲ್ಲ, ಡ್ರಾಯಿಂಗ್ ಮೇಷ್ಟ್ರ ಹೊಸ ಸಹಿಯ ಕೊನೆಯಲ್ಲಿ ರೆಕ್ಕೆ ಬಿಚ್ಚಿ ಹಾರುವ ಹಕ್ಕಿ. ಕಳೆದ ಒಂದು ವರ್ಷದಿಂದ ಅವರು ಆ ಹಕ್ಕಿಯನ್ನು ಪೇಪರಿನ ಅಂಚಿನಲ್ಲಿ, ಕರೆಂಟ್ ಬಿಲ್ಲಿನ ಹಿಂದೆ, ಹಾಲಿನ ಪ್ಯಾಕೆಟ್ಟಿನ ಮೇಲೆ, ಕೊನೆಗೆ ಆವಿ ಹಿಡಿದ ಬಚ್ಚಲಮನೆಯ ಕನ್ನಡಿಯ ಮೇಲೂ ಹಾರಿಸಿದ್ದರು. "ರೀ, ಸಹಿ ಹಾಕೋಕೆ ಇನ್ನೇನೂ ಸಿಗದಿದ್ರೆ ನನ್ನ ಹಣೆ ಇದೆ, ಹಾಕಿಬಿಡಿ" ಎಂದು ಹೆಂಡತಿ ಗದರಿದರೂ ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು. ಅವರ ಸಂತೋಷ ಅವರಿಗೇ ಗೊತ್ತು.

ಯಾಕೆಂದರೆ ಅದಕ್ಕೂ ಹಿಂದಿನ ಹತ್ತು ಹನ್ನೆರಡು ವರ್ಷ ಮೇಷ್ಟ್ರ ಬಲಗೈ ಮೇಷ್ಟ್ರ ಮಾತು ಕೇಳುತ್ತಿರಲಿಲ್ಲ. ನಡುಕದ ಕಾಯಿಲೆ. ಚಹಾ ಕಪ್ಪು ಎತ್ತಿದರೆ ಅರ್ಧ ಸಾಸರಿಗೆ, ಕಾಲು ಅಂಗಿಗೆ, ಉಳಿದದ್ದು ಬಾಯಿಗೆ. ಡ್ರಾಯಿಂಗ್ ಮೇಷ್ಟ್ರಿಗೆ ಕೈ ನಡುಗುವುದೆಂದರೆ ಹಾಡುವವನಿಗೆ ಗಂಟಲು ಕಟ್ಟಿದ ಹಾಗೆ. ನೇರ ಗೆರೆ ಎಳೆಯಲು ಹೋದರೆ ಬೋರ್ಡಿನ ಮೇಲೆ ಬೆಟ್ಟದ ಸಾಲು ಏಳುತ್ತಿತ್ತು. ಹಾಗಾಗಿ ಆ ಶಾಲೆಯ ಮಕ್ಕಳು ವರ್ಷಗಟ್ಟಲೆ ಬೆಟ್ಟ, ಸಮುದ್ರ, ಗಾಳಿಗೆ ಬಾಗಿದ ಮರ ಇಷ್ಟನ್ನೇ ಬರೆದು ಪಾಸಾದರು. ಒಂದು ಮೇಜನ್ನಾಗಲೀ ಮನೆಯನ್ನಾಗಲೀ ನೆಟ್ಟಗೆ ಬರೆಯಲು ಬಾರದ ಒಂದು ತಲೆಮಾರೇ ಆ ಪೇಟೆಯಲ್ಲಿ ಬೆಳೆದು ದೊಡ್ಡದಾಯಿತು.

ಹೋದ ವರ್ಷ ಆಸ್ಪತ್ರೆಯಲ್ಲಿ ಮೇಷ್ಟ್ರ ತಲೆಯೊಳಗೆ ಸಣ್ಣ ತಂತಿಯೊಂದನ್ನು ಇಳಿಸಿ, ಅದನ್ನು ಕತ್ತಿನ ಚರ್ಮದ ಕೆಳಗೇ ಹಾಯಿಸಿ ತಂದು, ಎದೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಪೆಟ್ಟಿಗೆಗೆ ಜೋಡಿಸಿ ಹೊಲಿದರು. ಆ ಪೆಟ್ಟಿಗೆ ಸಣ್ಣಗೆ ಕರೆಂಟು ಕಳಿಸುತ್ತಿರುವಷ್ಟು ಹೊತ್ತು ಕೈ ಕಲ್ಲಿನ ಹಾಗೆ ನಿಲ್ಲುತ್ತದೆ. ಅದು ನಿಂತರೆ ಕೈ ಮತ್ತೆ ಹಳೇ ಆಟ ಶುರು ಮಾಡುತ್ತದೆ. ಹಾಕುವುದು, ಆರಿಸುವುದು, ಕೊಂಚ ಏರಿಸಿ ಇಳಿಸುವುದು ಎಲ್ಲ ಮೇಷ್ಟ್ರದ್ದೇ ಅಧಿಕಾರ, ಅದಕ್ಕೊಂದು ರಿಮೋಟು ಕೊಟ್ಟಿದ್ದರು. ಒಳಗಿನ ಬ್ಯಾಟರಿಗೆ ಆಗಾಗ ಚಾರ್ಜು ತುಂಬಬೇಕು. ಅದಕ್ಕೆ ಮೈಗೆ ವೈರು ಚುಚ್ಚುವ ಗೋಜಿಲ್ಲ. ಅಂಗೈಯಗಲದ ಒಂದು ಬಿಲ್ಲೆಯನ್ನು ಪಟ್ಟಿಯಿಂದ ಎದೆಗೆ ಕಟ್ಟಿಕೊಂಡು, ಸರಿಯಾದ ಜಾಗ ಸಿಕ್ಕಿ ಅದು 'ಕುಂಯ್' ಎಂದ ಮೇಲೆ ಅಲುಗಾಡದೆ ಒಂದಿಷ್ಟು ಹೊತ್ತು ಕೂತರೆ ಚರ್ಮದಾಚೆಯಿಂದಲೇ ಚಾರ್ಜು ಒಳಗಿಳಿಯುತ್ತದೆ.

ಇಷ್ಟು ಸುಲಭದ್ದನ್ನು ಕಷ್ಟ ಮಾಡಿದ್ದು ಆ ಕಟ್ಟಡದ ಜನ. ಮೇಷ್ಟ್ರು ಬಿಲ್ಲೆ ಕಟ್ಟಿಕೊಂಡು ಕೂತಾಗ ಮೇಲಿನ ಮನೆಯ ಅಜ್ಜಿ ಬಂದರೆ ಶಾಕ್ ಹೊಡೆದೀತೆಂದು ಎರಡೂ ಕಾಲನ್ನು ಕುರ್ಚಿಯ ಮೇಲೆಳೆದುಕೊಂಡೇ ಮಾತಾಡುತ್ತಿದ್ದರು. ಎದುರು ಮನೆಯವರು ತಮ್ಮ ಫೋನನ್ನೂ ಅವರ ಎದೆಗೆ ಒರಗಿಸಿ "ನಂದೂ ಒಂದು ಸ್ವಲ್ಪ ಏರುತ್ತೇನೋ ನೋಡಿ ಸರ್" ಎಂದು ಕೇಳಿದ್ದುಂಟು. ಎಲ್ಲರಿಗಿಂತ ಒಂದು ಕೈ ಮೇಲೆ ಕೆಳಗಿನ ಮನೆಯ ಕಂಡಕ್ಟರು. ಬಸ್ಸಿನ ಕೆಲಸದಿಂದ ನಿವೃತ್ತರಾಗಿದ್ದರೂ ಅವರ ಗಂಟಲಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಮೇಷ್ಟ್ರು ಬೀದಿಯ ಆ ತುದಿಯಲ್ಲಿ ಕಂಡರೂ ಸಾಕು, ಈ ತುದಿಯಿಂದಲೇ ಕೂಗುತ್ತಿದ್ದರು: "ಚಾರ್ಜ್ ಎಷ್ಟಿದೆ ಮೇಷ್ಟ್ರೇ?" ಊಟ ಆಯ್ತಾ ಎಂದು ಕೇಳುವ ಕಾಲ ಮೇಷ್ಟ್ರ ಪಾಲಿಗೆ ಮುಗಿದೇ ಹೋಗಿತ್ತು.

ಇರಲಿ, ಆ ಶನಿವಾರದ ವಿಷಯಕ್ಕೆ ಬರೋಣ. ಮಾರನೇ ದಿನ ಮಗಳ ಮದುವೆ. ಮನೆ ತುಂಬ ನೆಂಟರು, ಮೆಟ್ಟಿಲ ತುಂಬ ಚಪ್ಪಲಿ. ಮೇಷ್ಟ್ರಿಗಿದ್ದದ್ದು ಒಂದೇ ಕೆಲಸ: ಬ್ಯಾಂಕಿನ ಲಾಕರಿನಿಂದ ಮುತ್ತಿನ ಸರ ತರುವುದು. ಅದು ಹೆಂಡತಿಗೆ ಅವಳ ಅಮ್ಮನಿಂದ ಬಂದದ್ದು, ಮಗಳು ಮದುವೆಯ ದಿನ ಅದನ್ನೇ ಹಾಕಿಕೊಳ್ಳುವುದೆಂದು ಹಟ ಹಿಡಿದಿದ್ದಳು. ಹಟ ಅಷ್ಟಕ್ಕೇ ನಿಂತಿರಲಿಲ್ಲ.

"ಅಪ್ಪ, ಸರದ ಕೊಂಡಿ ನೀನೇ ಹಾಕಬೇಕು. ಅಮ್ಮ ಅಲ್ಲ, ಅತ್ತೆ ಅಲ್ಲ. ನೀನೇ."

ಕೊಂಡಿಯೋ, ಅಕ್ಕಿಕಾಳಿಗಿಂತ ಸಣ್ಣದು. ನೆಟ್ಟಗಿರುವ ಕೈಗೂ ಅದನ್ನು ಹಾಕುವುದು ಕಷ್ಟ. ಆದರೆ ಮಗಳು ಯಾಕೆ ಹಾಗೆ ಕೇಳಿದಳೆಂದು ಮೇಷ್ಟ್ರಿಗೆ ಗೊತ್ತಿತ್ತು. ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗಿನಿಂದ ದಿನಾ ಬೆಳಿಗ್ಗೆ ತನ್ನ ಲೇಸು ತಾನೇ ಕಟ್ಟಿಕೊಂಡು, ಆಮೇಲೆ ಅಪ್ಪನ ಎದುರು ನಿಂತು ಅಪ್ಪನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ ಕಳಿಸಿದವಳು ಅವಳು. ಎಷ್ಟು ವರ್ಷ! ಒಂದು ದಿನವಾದರೂ ಬೇಸರದ ಮುಖ ಮಾಡಿದವಳಲ್ಲ. ಆ ಸಾಲಕ್ಕೆ ಈ ಒಂದು ಕೊಂಡಿಯನ್ನಾದರೂ ತಮ್ಮ ಕೈಯಾರೆ ಹಾಕಬೇಕೆಂದು ಮೇಷ್ಟ್ರು ಹಂಬಲಿಸಿದ್ದರು. ನೆನೆದಾಗಲೆಲ್ಲ ಅವರ ಕಣ್ಣು ಒದ್ದೆಯಾಗುತ್ತಿತ್ತು.

ಲಾಕರು ಅವರೊಬ್ಬರ ಹೆಸರಲ್ಲೇ ಇತ್ತು. "ಇಬ್ಬರ ಹೆಸರು ಬೇಡ, ನೀನು ಬೀಗದಕೈ ಕಳೀತೀಯ" ಎಂದು ಆ ಕಾಲದಲ್ಲಿ ಅವರೇ ಜಂಬ ಕೊಚ್ಚಿದ್ದರು. ವಾರವಿಡೀ ಹೆಂಡತಿ "ಸರ ತಂದ್ರಾ?" ಎಂದದ್ದೂ ಆಗಿತ್ತು, ಇವರು "ನಾಳೆ" ಎಂದದ್ದೂ ಆಗಿತ್ತು. ಈಗ ನಾಳೆಗಳೆಲ್ಲ ಮುಗಿದು ಪೇಟೆಯ ಸಹಕಾರಿ ಬ್ಯಾಂಕಿನ ಶನಿವಾರದ ಅರ್ಧ ದಿನವಷ್ಟೇ ಉಳಿದಿತ್ತು.

ಅವತ್ತು ಬೆಳಿಗ್ಗೆ ಮೇಷ್ಟ್ರು ಚಾರ್ಜಿಗೆ ಕೂತರು. ಬಿಲ್ಲೆ 'ಕುಂಯ್' ಎಂದಿತು. ಅಷ್ಟರಲ್ಲಿ ಹೂವಿನವನು ಬಂದ. ಮೇಷ್ಟ್ರು ಎದ್ದರು, ಬಿಲ್ಲೆ ಜಾರಿತು. ಮತ್ತೆ ಕೂತರು, 'ಕುಂಯ್' ಎಂದಿತು. ಕುರ್ಚಿ ಬಾಡಿಗೆಯವನು ಬಂದ. ಮೂರನೇ ಸಲ ಸೋದರತ್ತೆ ಬಂದು "ಇದೇನೋ ಎದೆಗೆ ತಟ್ಟೆ ಕಟ್ಕೊಂಡಿದ್ದೀಯ?" ಎಂದು ಎಳೆದೇ ನೋಡಿದರು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದ ಹಿರಿಯರಿಗೆ ಚಾರ್ಜು ಮಾಡಿ ನೋಡುವ ಯೋಗ ಇರಲಿಲ್ಲವಷ್ಟೆ. ರಿಮೋಟಿನಲ್ಲಿ ನೋಡಿದರೆ ಬ್ಯಾಟರಿಯ ಗುರುತಿನಲ್ಲಿ ಒಂದೇ ಗೆರೆ ಉಳಿದಿತ್ತು.

"ಬ್ಯಾಂಕಲ್ಲಿ ಕಾಯ್ತಾ ಕೂರ್ತೀರಲ್ಲ, ಅಲ್ಲೇ ಕಟ್ಕೊಳ್ಳಿ" ಎಂದು ಹೆಂಡತಿ ಬಿಲ್ಲೆ, ರಿಮೋಟು ಎರಡನ್ನೂ ನೀಲಿ ಹೂವಿನ ಚೀಲಕ್ಕೆ ತುಂಬಿಕೊಟ್ಟಳು. ಆ ಚೀಲದ ಬಗ್ಗೆ ಒಂದು ಮಾತು. ಅವರ ಮನೆಯ ಹಳೇ ಕಿಟಕಿ ಪರದೆ ಹರಿದಾಗ ಅವಳು ಅದನ್ನು ಎಸೆಯದೆ ಒಂದೇ ಅಳತೆಯ ಹತ್ತಾರು ಚೀಲ ಹೊಲಿದಿದ್ದಳು. ಆ ಮನೆಯಲ್ಲಿ ಕೊಡೆಯಿಂದ ಹಿಡಿದು ಒಡವೆಯವರೆಗೆ ಜೋಪಾನ ಮಾಡಬೇಕಾದದ್ದೆಲ್ಲ ನೀಲಿ ಹೂವಿನೊಳಗೇ ಇರುತ್ತಿತ್ತು.

"ಅಣ್ಣಾ, ಇವರ ಜೊತೆ ನೀವೂ ಹೋಗಿ ಬನ್ನಿ" ಎಂದು ಅವಳು ಕಂಡಕ್ಟರಿಗೆ ಹೇಳಿದಳು. "ಒಬ್ಬರನ್ನೇ ಕಳಿಸಿದ್ರೆ ಎಲ್ಲಾದ್ರೂ ಹಕ್ಕಿ ಬರ್ಕೊಂಡು ಕೂತುಬಿಡ್ತಾರೆ."

"ಚಿಂತೆ ಬಿಡು ತಾಯಿ" ಎಂದರು ಕಂಡಕ್ಟರು. "ನನ್ನ ಸರ್ವೀಸಲ್ಲೇ ಒಬ್ಬ ಪ್ಯಾಸೆಂಜರೂ ಸಾಮಾನು ಬಿಟ್ಟು ಇಳಿದಿದ್ದಿಲ್ಲ. ಸೀಟ್ ಕೆಳಗೆ ನೋಡದೆ ನಾನು ವಿಷಲ್ಲೇ ಊದ್ತಿರಲಿಲ್ಲ!"

ಬ್ಯಾಂಕಿನಲ್ಲಿ ಲಾಕರಿನ ಮೇಜಿಗೆ ಕೂತಿದ್ದ ಆಫೀಸರು ಮೇಷ್ಟ್ರ ಹಳೇ ಶಿಷ್ಯೆ. ಕಂಡ ಕೂಡಲೇ ಎದ್ದು ನಿಂತಳು.

"ಬನ್ನಿ ಸರ್! ನಾನು ಗೊತ್ತಾಯ್ತಾ? ಏಳು ಬೆಟ್ಟ ಬರಿ ಅಂದ್ರೆ ಒಂಬತ್ತು ಬರೀತಿದ್ದೆ."

"ಗೊತ್ತಿಲ್ದೆ ಏನಮ್ಮ! ನಾಳೆ ಮಗಳ ಮದುವೆ, ಊಟಕ್ಕೆ ಬಂದುಬಿಡು. ಈಗ ಲಾಕರ್ ಒಂದು ತೆಗೆಸಿಬಿಡು" ಎಂದ ಮೇಷ್ಟ್ರು, ಅವಳು ಮುಂದಿಟ್ಟ ಪುಸ್ತಕದಲ್ಲಿ ಪೆನ್ನು ಝಳಪಿಸಿ ಸಹಿ ಹಾಕಿದರು. ಹಕ್ಕಿ ರೆಕ್ಕೆ ಬಿಚ್ಚಿತು. ಕಂಡಕ್ಟರು "ಆಹಾ" ಎಂದರು.

ಆಫೀಸರ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಕಪಾಟಿನಿಂದ ತೆಗೆದ ಹಳೇ ಕಾರ್ಡನ್ನು ಸಹಿಯ ಪಕ್ಕ ಇಟ್ಟಳು. ಕಾರ್ಡಿನ ಮೇಲಿದ್ದದ್ದು ಲಾಕರು ಮಾಡಿಸಿದ ದಿನದ ಸಹಿ. ಶಾಯಿಯಲ್ಲಿ ಬಿದ್ದ ಇರುವೆಯೊಂದು ಎದ್ದು, ಬಿದ್ದು, ದಾರಿ ತಪ್ಪಿ ಹೊರಟ ಹಾಗಿತ್ತು.

"ಸರ್, ಇದು ಹೊಂದುತ್ತಿಲ್ಲ."

"ಹೇಗಮ್ಮ ಹೊಂದುತ್ತೆ? ಆಗ ಕೈ ನಡುಗ್ತಿತ್ತು, ಈಗ ನಡುಗಲ್ಲ. ಆದ್ರೆ ನಾನೇ ಕಣಮ್ಮ ಇವನು!"

"ನೀವೇ ಅಂತ ನಂಗೆ ಗೊತ್ತು ಸರ್. ನೀವೇ ಅಂತ ಸಹಿ ಹೇಳ್ತಿಲ್ಲ" ಎಂದಳು ಅವಳು, ಅಳುವವಳ ಹಾಗೆ.

ಕೈ ಗುಣವಾದದ್ದೇ ತಪ್ಪಾಯಿತಲ್ಲ! ಮೇಷ್ಟ್ರು ತಲೆ ಕೆರೆದುಕೊಂಡರು. ಹಳೇದರ ಹಾಗೇ ನಡುಗಿಸಿ ಬರೆದರಾಯಿತು ಎಂದುಕೊಂಡು ಇನ್ನೊಮ್ಮೆ ಪೆನ್ನು ಹಿಡಿದರು. ತನ್ನದೇ ಸಹಿಯನ್ನು ನಕಲು ಮಾಡಲು ಕೂತ ಕಳ್ಳ ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು. ಆದರೆ ಚಿತ್ರ ಬರೆದ ಕೈ, ಬೇಕೆಂದೇ ನಡುಗಿಸಿದರೂ ಅಂದವಾಗಿಯೇ ನಡುಗಿತು. ಹೊಲಿಗೆ ಮೆಷಿನ್ನು ಹಾಕಿದ ಅಂಚಿನಂತೆ ಒಂದೊಂದು ಅಲೆಯೂ ಒಂದೇ ಅಳತೆ. ಅಷ್ಟು ಹೊತ್ತಿಗೆ ಕನ್ನಡಕವನ್ನು ಹಣೆಗೇರಿಸಿಕೊಂಡ ಮ್ಯಾನೇಜರು ಒಳಗಿನಿಂದ ಬಂದು, ಪುಸ್ತಕದ ಮೇಲೆ ಬಗ್ಗಿ, "ಮೊದಲಿಂದು ಬೇರೆಯವರ ಸಹಿ, ಎರಡನೇದು ಖೋಟಾ ಸಹಿ" ಎಂದು ತೀರ್ಪು ಕೊಟ್ಟರು.

"ಎರಡೂ ನಂದೇ ಸ್ವಾಮಿ!"

"ಅದೇ ನಾನೂ ಹೇಳ್ತಿರೋದು. ಒಬ್ಬರಿಗೆ ಎರಡು ಸಹಿ ಇರಕೂಡದು."

ಸಾಲಿನಲ್ಲಿ ನಿಂತಿದ್ದವರೆಲ್ಲ ಸುತ್ತ ನೆರೆದರು. ಅಲ್ಲಿ ಸಲಹೆಗೇನು ಬರವೇ? ಒಬ್ಬರು ಐಸು ಹಿಡಿದುಕೊಳ್ಳಿ ಎಂದರು. ಇನ್ನೊಬ್ಬರು ಎಡಗೈಲಿ ಬರೆಯಿರಿ ಎಂದರು. ಕಂಡಕ್ಟರು ತೋಳು ಮಡಚಿದರು.

"ಸರೀರಿ ಎಲ್ಲಾ! ಓಡೋ ಬಸ್ಸಲ್ಲಿ ನಿಂತೇ ಟಿಕೆಟ್ ಬರೆದವನು ನಾನು. ನಡುಗೋ ಅಕ್ಷರ ನಂಗೆ ಬಿಡಿ. ಮೇಷ್ಟ್ರೇ, ಪೆನ್ ಹಿಡೀರಿ. ರೈಟ್ ರೈಟ್!" ಎಂದವರೇ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಹಳ್ಳ ದಿಣ್ಣೆಯ ರಸ್ತೆಯ ಹಾಗೆ ಕುಲುಕಿದರು. ಮ್ಯಾನೇಜರ ಹಣೆಯ ಕನ್ನಡಕ ಮೂಗಿಗೆ ಬಿತ್ತು. ಪುಸ್ತಕದ ತುಂಬ ಎಲ್ಲೆಲ್ಲೋ ಗೆರೆ ಬಿತ್ತೇ ಹೊರತು ಇರುವೆ ಬರಲಿಲ್ಲ.

"ಹೆಂಡ್ತಿಗೆ ಫೋನ್ ಹಚ್ಚಿ ಸರ್, ಕೈ ತಾನೇ ನಡುಗುತ್ತೆ" ಎಂದರು ಸಾಲಿನ ಕೊನೆಯಲ್ಲಿದ್ದ ಒಬ್ಬ ಅನುಭವಸ್ಥರು. ಅವರು ಹೇಳಿ ಮುಗಿಸುವುದಕ್ಕೂ ಮೇಷ್ಟ್ರ ಜೇಬಿನಲ್ಲಿ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

"ರೀ, ಸರ ಸಿಕ್ತಾ?"

"ಸಿಕ್ತು ಅಂತ್ಲೇ ತಿಳ್ಕೋ..."

"ತಿಳ್ಕೊಳ್ಳೋದಲ್ಲ. ಸರ ಇಲ್ದೆ ಈ ಮೆಟ್ಟಿಲು ಹತ್ತಿದ್ರೆ ನೋಡಿ ಮತ್ತೆ!"

ಮೇಷ್ಟ್ರ ಮೊಣಕಾಲು ನಡುಗಿತು, ತುಟಿ ನಡುಗಿತು, ಧ್ವನಿ ನಡುಗಿತು. ಕೈ ಮಾತ್ರ ಅಲ್ಲಾಡಲಿಲ್ಲ. ಪೆಟ್ಟಿಗೆ ಮಾಡಿದ ಕಂಪನಿಯವರ ಕೆಲಸ ಅಷ್ಟು ಗಟ್ಟಿ.

ಇನ್ನು ಉಳಿದದ್ದು ಒಂದೇ ದಾರಿ. ಅದು ಮೇಷ್ಟ್ರಿಗೆ ಮೊದಲೇ ಹೊಳೆದಿತ್ತು, ಆದರೆ ಬಾಯಿಗೆ ಬಂದಿರಲಿಲ್ಲ. ಚಾರ್ಜು ಉಳಿಯಲೆಂದು ಡಾಕ್ಟರು ಹೇಳಿದಂತೆ ರಾತ್ರಿ ಮಲಗುವಾಗ ಪೆಟ್ಟಿಗೆ ಆರಿಸುತ್ತಿದ್ದರು ನಿಜ. ಅದು ದೀಪ ಆರಿದ ಮೇಲೆ, ಹೊದಿಕೆಯ ಕೆಳಗೆ. ನಾಲ್ಕು ಜನರ ಎದುರು ಆ ಹಳೇ ಕೈಯನ್ನು ಮತ್ತೆ ತೋರಿಸುವುದೆಂದರೆ ಅಂಗಿ ಕಳಚಿ ನಿಂತಷ್ಟು ನಾಚಿಕೆ. ಮಕ್ಕಳು ಬೆನ್ನ ಹಿಂದೆ ನಕ್ಕದ್ದು, ನೆಂಟರ ಮನೆಯಲ್ಲಿ ಊಟಕ್ಕೆ ಕೂರದೆ ಎದ್ದು ಬಂದದ್ದು, ಎಲ್ಲ ನೆನಪಾಯಿತು. ಆದರೆ ಅಕ್ಕಿಕಾಳಿಗಿಂತ ಸಣ್ಣ ಕೊಂಡಿಯೂ ನೆನಪಾಯಿತು. ಮೇಷ್ಟ್ರು ನೀಲಿ ಹೂವಿನ ಚೀಲದಿಂದ ರಿಮೋಟು ತೆಗೆದು, ಎದೆಯ ಬಳಿ ಹಿಡಿದು, ಗುಂಡಿ ಒತ್ತಿದರು.

ಮೊದಲು ಕಿರುಬೆರಳು ಮಿಡುಕಿತು. ಆಮೇಲೆ ಬೆರಳೆಲ್ಲ. ನೋಡನೋಡುತ್ತ ಇಡೀ ಕೈ ಎದ್ದು ಕುಣಿಯತೊಡಗಿತು. ಯಾರೂ ನಗಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿ ಪೆನ್ನು ಹಿಡಿದು ಬರೆದರು. ಇರುವೆ ಎದ್ದಿತು, ಬಿತ್ತು, ದಾರಿ ತಪ್ಪಿತು. ಕಾರ್ಡಿನ ಸಹಿಗೂ ಇದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಪಾಸ್!" ಎಂದರು ಮ್ಯಾನೇಜರು. ಬ್ಯಾಂಕಿನ ತುಂಬ ಚಪ್ಪಾಳೆ ಬಿತ್ತು.

ಆಫೀಸರು ಮೂಗು ಒರೆಸಿಕೊಂಡಳು. "ಇದೇ ಸರ್. ನನ್ನ ಡ್ರಾಯಿಂಗ್ ಪುಸ್ತಕದಲ್ಲಿ 'ಚೆನ್ನಾಗಿದೆ' ಅಂತ ಬರೀತಿದ್ರಲ್ಲ, ಅದು ಹಿಂಗೇ ಇರ್ತಿತ್ತು. ಇನ್ನೂ ಇಟ್ಕೊಂಡಿದ್ದೀನಿ."

ಮೇಷ್ಟ್ರು ಆ ಇರುವೆಯನ್ನೇ ಇನ್ನೊಮ್ಮೆ ನೋಡಿದರು. ಅವಳೇ ಮುಂದುವರಿಸಿದಳು: "ಸರ್, ಪ್ರತಿ ಸಲ ನೀವು ಹೀಗೆ ಆಫ್ ಆಗೋದು ಬೇಡ. ಹೊಸ ಸಹೀನ ಇವತ್ತೇ ದಾಖಲು ಮಾಡಿಬಿಡೋಣ. ಹಳೇದು ಈಗ ಹಾಕಿದ್ದೀರಲ್ಲ, ಹೊಸದೂ ಹಾಕಿಬಿಟ್ರೆ ಹಳೇದನ್ನ ರದ್ದು ಮಾಡ್ತೀನಿ."

"ದೇವರು ಒಳ್ಳೇದು ಮಾಡ್ಲಮ್ಮ ನಿಂಗೆ" ಎಂದು ಮೇಷ್ಟ್ರು ರಿಮೋಟಿಗೆ ಕೈ ಹಾಕಿದರು. ಕುಣಿಯುವ ಬೆರಳು ಆ ಗುಂಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬಿತ್ತು. ಕೊನೆಗೆ ಕಂಡಕ್ಟರು ಅವರ ಮಣಿಕಟ್ಟನ್ನು ಭದ್ರವಾಗಿ ಹಿಡಿದು, ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿಸಿದರು. ಕೈ ನಿಂತಿತು, ರಿಮೋಟು ಮತ್ತೆ ಚೀಲ ಸೇರಿತು. ಹಕ್ಕಿ ಹಿಂದೆಂದೂ ಅಷ್ಟು ಚೆನ್ನಾಗಿ ಹಾರಿರಲಿಲ್ಲ. ಆಫೀಸರು ಹಳೇ ಕಾರ್ಡಿನ ಇರುವೆಯ ಮೇಲೆ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೆರೆ ಎಳೆದಳು. ಮೇಷ್ಟ್ರಿಗೆ ಬೆನ್ನ ಮೇಲಿನ ಮೂಟೆ ಇಳಿಸಿದಂತಾಯಿತು.

ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು. ಆಫೀಸರು ತನ್ನ ಬೀಗದಕೈ ತಿರುಗಿಸಿ ಹೊರಗೆ ಹೋದಳು. ಮೇಷ್ಟ್ರ ಜೊತೆಗೆ, ಸಹಾಯಕ್ಕೆಂದು, ಕಂಡಕ್ಟರೂ ಆ ಇಕ್ಕಟ್ಟಿನ ಕೋಣೆಗೆ ನುಗ್ಗಿದರು. ಲಾಕರ್ ತೆಗೆದರೆ ಒಳಗೆ ನೀಲಿ ಹೂವಿನ ತೋಟವೇ ಇತ್ತು. ಒಂದರಲ್ಲಿ ಬಳೆ, ಒಂದರಲ್ಲಿ ಬೆಳ್ಳಿ ತಟ್ಟೆ, ಒಂದರಲ್ಲಿ ಮನೆ ಪತ್ರ. ಎಲ್ಲವನ್ನೂ ಮೇಜಿನ ಮೇಲೆ ಹರವಿ ಹುಡುಕಿದಾಗ ಕೊನೇ ಚೀಲದಲ್ಲಿ ಸರ ಸಿಕ್ಕಿತು.

ಮೇಷ್ಟ್ರು ಲೋಕ ಮರೆತರು. ಮುತ್ತುಗಳನ್ನು ಬೆಳಕಿಗೆ ಹಿಡಿದು, ಕೊಂಡಿಯನ್ನು ಮೆಲ್ಲಗೆ ಸಿಕ್ಕಿಸಿದರು. ಟಕ್. ಬಿಡಿಸಿದರು. ಮತ್ತೆ ಸಿಕ್ಕಿಸಿದರು. ಟಕ್. ಎಳೇ ಮಗು ಹೊಸ ಆಟಿಕೆ ಸಿಕ್ಕಿದಾಗ ನಗುವ ಹಾಗೆ ಅವರು ಒಬ್ಬರೇ ನಗುತ್ತಿದ್ದರು.

"ಸಾರ್, ಟೈಮಾಯ್ತು!" ಎಂದು ಹೊರಗಿನಿಂದ ಕಾವಲಿನವನು ಕೂಗಿದ.

"ಇಳಿಯೋರು ಇಳೀರಿ!" ಎಂದು ಕಂಡಕ್ಟರು ಅಭ್ಯಾಸ ಬಲದಿಂದ ಉತ್ತರ ಕೊಟ್ಟರು. ಸರಸರನೆ ಚೀಲಗಳನ್ನು ಬಾಚಿ ಒಳಗೆ ತುಂಬಿ, ಬಗ್ಗಿ ಮೇಜಿನ ಕೆಳಗೆ, ಕುರ್ಚಿಯ ಹಿಂದೆ ಕಣ್ಣಾಡಿಸಿ, ಹೊರಗುಳಿದದ್ದನ್ನೂ ಒಳಗಿಟ್ಟು, ಲಾಕರು ಹಾಕಿಸಿದರು. ಆಮೇಲೆ ಸರವನ್ನು ಮೇಷ್ಟ್ರ ಜೇಬಿಗಿಳಿಸಿ, ಕೈಯಲ್ಲುಳಿದ ನೀಲಿ ಚೀಲವನ್ನು ಅವರ ಹೆಗಲಿಗೇರಿಸಿ "ರೈಟ್ ರೈಟ್" ಎಂದು ಹೊರಡಿಸಿದರು.

ಮನೆಯಲ್ಲಿ ಮೇಷ್ಟ್ರಿಗೆ ಯುದ್ಧ ಗೆದ್ದು ಬಂದವರ ಮರ್ಯಾದೆ ಸಿಕ್ಕಿತು. ಹೆಂಡತಿ ಸರ ಕಣ್ಣಿಗೊತ್ತಿಕೊಂಡಳು. ಎರಡು ಸಹಿಯ ಕಥೆಯನ್ನು ಮೇಷ್ಟ್ರು ಬಂದ ನೆಂಟರಿಗೆಲ್ಲ ಹೇಳಿದರು, ಬರುವ ನೆಂಟರಿಗೆಲ್ಲ ಮತ್ತೆ ಹೇಳಿದರು. ಹೊತ್ತಿಳಿಯುವಾಗ ಮನೆ ಸ್ವಲ್ಪ ತಣ್ಣಗಾಯಿತು. ಇನ್ನು ನೆಮ್ಮದಿಯಾಗಿ ಚಾರ್ಜಿಗೆ ಕೂರೋಣವೆಂದು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಚೀಲಕ್ಕೆ ಕೈ ಹಾಕಿದರು. ಕೈಗೆ ತಣ್ಣಗೆ, ದುಂಡಗೆ ಸಿಕ್ಕಿತು. ತೆಗೆದರೆ ಬೆಳ್ಳಿ ತಟ್ಟೆ.

ಚೀಲ ತಲೆಕೆಳಗು ಮಾಡಿ ಕೊಡವಿದರು. ಬಿಲ್ಲೆಯೂ ಇಲ್ಲ, ರಿಮೋಟೂ ಇಲ್ಲ.

ಕಲ್ಯಾಣ ಮಂಟಪಕ್ಕೆ ಕುರ್ಚಿ ಎಣಿಸಲು ಹೋಗಿದ್ದ ಕಂಡಕ್ಟರಿಗೆ ಫೋನು ಹೋಯಿತು. ಗಲಾಟೆಯ ನಡುವೆ ಅವರ ಧ್ವನಿ ಕೇಳಿತು: "ನೀಲಿ ಚೀಲಾನಾ? ಮೇಜಿನ ಕೆಳಗೆ ಬಿದ್ದಿತ್ತು ಮೇಷ್ಟ್ರೇ! ನಾನು ನೋಡ್ದೇ ಇದ್ದಿದ್ರೆ ಯಾರೋ ಎತ್ಕೊಂಡು ಹೋಗಿರೋರು. ಭದ್ರವಾಗಿ ಲಾಕರೊಳಗೆ ಇಟ್ಟಿದ್ದೀನಿ. ಥ್ಯಾಂಕ್ಸ್ ಎಲ್ಲಾ ಏನೂ ಬೇಡ!" ಎಂದು ಇಟ್ಟೇಬಿಟ್ಟರು.

ಪೆಟ್ಟಿಗೆಯ ಕಂಪನಿಗೆ ಫೋನು ಮಾಡಿದರು. ಹೊಸ ಬಿಲ್ಲೆ ತರಿಸಲು ಬಹಳ ದಿನ ಹಿಡಿಯುತ್ತದೆ ಎಂದಳು ಅಲ್ಲಿಯ ಹುಡುಗಿ. "ನಿಮ್ಮದು ಎಲ್ಲಿದೆ ಸರ್?"

"ಬ್ಯಾಂಕಿನ ಲಾಕರಲ್ಲಿ."

"ಹಾಗಾದ್ರೆ ಭದ್ರವಾಗಿದೆ ಬಿಡಿ ಸರ್."

ಒಳಗೆ ಉಳಿದಿರುವುದು ಒಂದು ಗೆರೆ. ಈಗ ಆರಿಸಿಟ್ಟು ನಾಳೆಗೆ ಉಳಿಸಿಕೊಳ್ಳೋಣವೆಂದರೆ ಆರಿಸುವ ರಿಮೋಟೂ ಲಾಕರಿನಲ್ಲೇ. ನಲ್ಲಿ ತೆರೆದಿಟ್ಟು ಊರಿಗೆ ಹೋದವರ ಮನೆಯ ಹಾಗೆ ಚಾರ್ಜು ಸುಮ್ಮನೆ ಸೋರಿಹೋಗುತ್ತಿತ್ತು. ಎದುರು ಮನೆಯವರು ತಮ್ಮ ಫೋನಿನ ಚಾರ್ಜರ್ ತಟ್ಟೆ ಹಿಡಿದು ಓಡಿಬಂದರು. ಮೇಲಿನ ಮನೆಯ ಅಜ್ಜಿ ಕಾಲು ಮೇಲಿಟ್ಟುಕೊಂಡೇ "ಎದೆಗೆ ಹಚ್ಚಿ ನೋಡಿ, ಎಲ್ಲಾ ಕರೆಂಟೂ ಒಂದೇ" ಎಂದರು. ಮೇಷ್ಟ್ರು ಖಾಲಿ ಚೀಲವನ್ನು ಮಡಚುತ್ತ ಕೂತುಬಿಟ್ಟರು. ಸರ ಬಂತು, ಕೈ ಹೋಯಿತು. ಹನ್ನೆರಡು ವರ್ಷ ಕಾದು, ಒಂದು ರಾತ್ರಿಗೆ ತಪ್ಪಿಹೋಯಿತಲ್ಲ!

ಗಲಾಟೆ ಕೇಳಿ ಮಗಳು ಒಳಕೋಣೆಯಿಂದ ಬಂದಳು. ತಲೆಯ ಒಂದು ಭಾಗ ಬಾಚಿತ್ತು, ಇನ್ನೊಂದು ಭಾಗ ಕೆದರಿತ್ತು. ವಿಷಯ ತಿಳಿದವಳೇ ಸ್ಟೂಲು ಎಳೆದು ಅಪ್ಪನಿಗೆ ಬೆನ್ನು ಮಾಡಿ ಕೂತಳು. ಕೂದಲು ಮುಂದಕ್ಕೆಳೆದುಕೊಂಡು ಕತ್ತು ಬಗ್ಗಿಸಿದಳು.

"ಹಾಕು ಅಪ್ಪ."

"ಈಗಲಾ? ಮದುವೆ ನಾಳೆ ಅಲ್ವೇನೇ?"

"ಮದುವೆ ನಾಳೆ. ನಿನ್ನ ಕೈ ಇವತ್ತಿದೆ. ನಾನು ಸರ ಹಾಕ್ಕೊಂಡೇ ಮಲಗ್ತೀನಿ, ಬೇಗ ಹಾಕು."

ಅಜ್ಜಿ ಕಾಲು ಕೆಳಗಿಟ್ಟರು. ಮೇಷ್ಟ್ರು ಸರವನ್ನು ಮಗಳ ಕೊರಳ ಸುತ್ತ ತಂದು, ಎರಡು ಬೆರಳ ತುದಿಯಲ್ಲಿ ಕೊಂಡಿ ಹಿಡಿದರು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಆದರೆ ಕೈಗೆ ದಾರಿ ಗೊತ್ತಿತ್ತು. ಟಕ್.

"ಆಯ್ತು ಕಣೇ" ಎಂದರು ಮೇಷ್ಟ್ರು. ಮಗಳು ತಿರುಗಿ ಅಪ್ಪನನ್ನು ಅಪ್ಪಿಕೊಂಡಳು. ಸೋದರತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದರು.

ಅಪ್ಪಿಕೊಂಡಿದ್ದ ಹಾಗೇ ಮಗಳಿಗೆ ಬೆನ್ನ ಮೇಲೆ ಅಪ್ಪನ ಕೈ ಮಿಡುಕಿದ್ದು ತಿಳಿಯಿತು. ಮೊದಲು ಕಿರುಬೆರಳು, ಆಮೇಲೆ ಎಲ್ಲ. ಅವಳು ಸ್ವಲ್ಪ ಹಿಂದೆ ಸರಿದು, ಶಾಲೆಯ ದಿನಗಳಲ್ಲಿ ಮಾಡುತ್ತಿದ್ದ ಹಾಗೇ, ಅಪ್ಪ ಬಿಚ್ಚಿಕೊಂಡಿದ್ದ ಅಂಗಿಯ ಗುಂಡಿ ಹಾಕಿದಳು.

ಅಷ್ಟರಲ್ಲಿ ಫೋನು ಬಂತು. ಬ್ಯಾಂಕಿನ ಆಫೀಸರು. ಮೇಷ್ಟ್ರ ಚೀಲವನ್ನು ಲಾಕರಲ್ಲಿ ಭದ್ರ ಮಾಡಿದೆನೆಂದು ಕಂಡಕ್ಟರು ಕೊಚ್ಚಿಕೊಂಡದ್ದು ಅವಳವರೆಗೂ ಹೋಗಿತ್ತು, ಅದರಲ್ಲಿ ಚಾರ್ಜಿನ ಬಿಲ್ಲೆಯಿದೆ ಎಂಬುದು ಮಾತ್ರ ಹೋಗಿರಲಿಲ್ಲ. ಹೆಂಡತಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿದಳು.

"ಏನೂ ಚಿಂತೆ ಮಾಡ್ಬೇಡಿ ಸರ್! ಸೋಮವಾರ ಬಾಗಿಲು ತೆಗೀತಿದ್ದ ಹಾಗೇ ಬನ್ನಿ. ಒಂದು ಸಹಿ ಹಾಕಿ, ಚೀಲ ತಗೊಂಡು ಹೋಗಿ. ಎರಡು ನಿಮಿಷದ ಕೆಲಸ."

"ಒಳ್ಳೇದಾಯ್ತು ಕಣಮ್ಮ. ಕೈ ಶುರುವಾಗಿಬಿಟ್ಟಿದೆ. ಹಳೇ ಸಹಿ ಬೇಕಾದಷ್ಟು ಹಾಕ್ತೀನಿ."

"ಅಯ್ಯೋ, ಹಳೇದು ಇನ್ನು ನಡೆಯಲ್ವಲ್ಲ ಸರ್. ನಿಮ್ಮೆದುರಿಗೇ ಹೊಡೆದು ಹಾಕಿದ್ನಲ್ಲ. ಹೊಸದೇ ಬೇಕು."

"ಮತ್ತೆ ಹಳೇದಕ್ಕೇ ಬದಲಾಯಿಸಿಬಿಡಮ್ಮ!"

"ಬದಲಾಯಿಸ್ಬೇಕು ಅಂದ್ರೂ ಮೊದಲು ಹೊಸ ಸಹಿ ಹಾಕ್ಬೇಕು ಸರ್. ಹಕ್ಕಿ ಸಮೇತ. ಅದಕ್ಕೇನಂತೆ, ಚೆನ್ನಾಗಿ ಚಾರ್ಜ್ ಮಾಡ್ಕೊಂಡು ಬಂದುಬಿಡಿ!"

ಲಾಕರು ತೆಗೆಯಲು ಹಕ್ಕಿ ಬೇಕು, ಹಕ್ಕಿ ಹಾರಲು ಚಾರ್ಜು ಬೇಕು, ಚಾರ್ಜಿನ ಬಿಲ್ಲೆ ಲಾಕರಿನಲ್ಲಿ. ಮೇಷ್ಟ್ರು ಪಕ್ಕದಲ್ಲಿದ್ದ ಪೇಪರಿನ ಅಂಚಿನಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿದರು. ಹಕ್ಕಿ ಮರಿ ಗೂಡಿನಿಂದ ಬಿದ್ದ ಹಾಗಿತ್ತು.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ" ಎಂದಳು ಹೆಂಡತಿ, ಹಣೆಗೆ ಕೈ ಹಚ್ಚಿಕೊಂಡು. "ಅದು ನಿಮ್ಮನ್ನ ನೋಡೇ ಮಾಡಿದ ಗಾದೆ ಕಣ್ರೀ." ಬೈಯುತ್ತಲೇ ಒಳಗೆ ಹೋಗಿ, ಅರ್ಧ ಕಪ್ಪಷ್ಟೇ ತುಂಬಿದ ಚಹಾ ತಂದು ಅವರ ಮುಂದಿಟ್ಟಳು. ಅರ್ಧವೇ ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಮೇಷ್ಟ್ರು ಕಪ್ಪಿಗೆ ಕೈ ಹಾಕುವ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಕುರ್ಚಿ ಎಣಿಸಿ ಮುಗಿಸಿದ ಕಂಡಕ್ಟರು, ಒಂದು ಸಾಮಾನೂ ಹೊರಗೆ ಬಿಡದ ಹೆಮ್ಮೆಯಲ್ಲಿ ಎದೆಯುಬ್ಬಿಸಿ, ಬಾಗಿಲಲ್ಲಿ ಬಂದು ನಿಂತು ಕೂಗಿದರು:

"ಚಾರ್ಜ್ ಎಷ್ಟಿದೆ ಮೇಷ್ಟ್ರೇ?"

ಮೇಷ್ಟ್ರು ಕಪ್ಪು ಹಿಡಿದರು. ಸಾಸರಿನ ಮೇಲೆ ಟಕಟಕ ಟಕಟಕ ಎಂದು ಕಪ್ಪೇ ಉತ್ತರ ಹೇಳಿತು.